ನೀರಿಳಿದ ಸುದ್ದಿ ಸಾರಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಬೆರಳುಗಳಿಗೆ ಸದಾ ಬಳಪದ ಬಿಳಿಪುಡಿ ಮೆತ್ತಿರುತ್ತಿತ್ತು. ಕಂಡವರು ಮೇಷ್ಟ್ರು ಅಂದುಕೊಳ್ಳುತ್ತಿದ್ದರು. ಅವನದು ಬಾವಿ ಅಳೆಯುವ ಸರ್ಕಾರಿ ಕೆಲಸ. ಉಕ್ಕಿನ ಟೇಪಿನ ತುದಿಗೆ ಬಳಪ ಬಳಿದು ಇಳಿಬಿಟ್ಟರೆ ನೀರು ತಾಗಿದಷ್ಟು ಬಿಳುಪು ತೊಳೆದುಹೋಗುತ್ತದೆ. ನೀರು ಎಷ್ಟು ಆಳದಲ್ಲಿದೆ ಎಂಬುದು ಅದರಿಂದಲೇ ತಿಳಿಯುವುದು. ನನ್ನನ್ನು ಕೊಟ್ಟ ಊರು ಹೊಳಗುಂದ. ಆದೋನಿಯಿಂದ ಅಲ್ಲಿಗೆ ಅಳೆಯಲು ಬಂದಾಗಲೆಲ್ಲ ನಮ್ಮಲ್ಲೇ ಊಟ. ಕೈತೊಳೆದ ನೀರನ್ನೂ ನುಗ್ಗೆಗಿಡದ ಬುಡಕ್ಕೇ ಚೆಲ್ಲುವ ಜಿಪುಣ ಅವನು.

ಆಗ ಎಂಬತ್ತನೇ ಇಸವಿಯ ಆಸುಪಾಸು. ಊರಿಗೆಲ್ಲ ಕುಡಿಯಲು ಇದ್ದುದು ಒಂದೇ ಸಿಹಿನೀರ ಬಾವಿ. ಅದು ವರ್ಷವರ್ಷವೂ ಇಳಿಯುತ್ತಿತ್ತು. ಆ ಲೆಕ್ಕ ಹೈದರಾಬಾದಿಗೆ, ಅಲ್ಲಿಂದ ಡೆಲ್ಲಿಗೆ ಹೋಗುತ್ತಿತ್ತಂತೆ.

“ಡೆಲ್ಲಿಯೋರಿಗೆ ಗೊತ್ತೈತವ್ವಾ, ನೀರು ಸೇದೋರಿಗೇ ಗೊತ್ತಿಲ್ಲ. ಇದು ಯಾ ಊರ ನ್ಯಾಯ?” ಎಂದು ಒಂದು ದಿನ ಅರ್ಧ ಊಟಕ್ಕೇ ಎದ್ದ. ಮೇಲಿನವರನ್ನು ಕೇಳದೆ ಡಂಗುರ ಹೊಡೆಸಿಯೇಬಿಟ್ಟ.

“ಕೇಳ್ರೆಪೋ ಕೇಳ್ರಿ! ನೆಲದಾಗಿನ ನೀರು ಕೆಳಗ ಹೋಗಾಕತ್ತೈತಿ, ಹಿಡಿದು ಬಳಸ್ರೆಪೋ!”

ನಮ್ಮ ಜನ ಏನು ಶಾಣ್ಯಾರು! ಅವನ ಮಾತನ್ನು ಪೂರಾ ನಂಬಿದರು, ನಂಬಿಯೇ ಕೆಟ್ಟರು. ಇರುವುದನ್ನು ಬೇರೆಯವರಿಗಿಂತ ಮೊದಲು ಎಳೆದುಕೊಳ್ಳಬೇಕೆಂದು ಬೋರ್ ಲಾರಿ ತರಿಸಿದರು. ಮೊದಲು ಕೊರೆಸಿದವರು ನನ್ನ ಮಾವನವರೇ, ಅದೂ ಆ ಬಾವಿಯ ಪಕ್ಕದ ಹೊಲದಲ್ಲಿ. ಚಿಕ್ಕಪ್ಪ ಓಡಿಬಂದು ಲಾರಿಗೆ ಅಡ್ಡ ನಿಂತು ಕೈಮುಗಿದ.

“ಬೀಗ್ರೇ, ನಾ ಹೇಳಿದ್ದು ಉಳಸ್ರಿ ಅಂತ!”

“ನೀರು ಹೊಂಟೈತಿ ಅಂತ ನೀವ ಹೇಳೀರಿ. ನಾಳೆ ಮಂದಿ ಎಳಕೊಂಡ್ರ ನಾ ನೋಡ್ಕೊಂತ ಕೂಡ್ಲೇನು?”

ನೀರು ಚಿಮ್ಮಿದಾಗ ಊರೆಲ್ಲ ಕೇಕೆ ಹಾಕಿತು. ಆಮೇಲೆ ಅನುಕೂಲವಿದ್ದವರೆಲ್ಲ ಕೊರೆಸಿದರು. ಮರುಬೇಸಿಗೆಗೆ ಸಿಹಿನೀರ ಬಾವಿ ಬತ್ತಿತು. ಬಿಂದಿಗೆ ಹೊತ್ತು ಅವರಿವರ ಬೋರಿನ ಮುಂದೆ ಕಾಯುವ ಬಾಳು ಹೆಂಗಸರದಾಯಿತು. ಕೊರೆಸಿದವರನ್ನು ಒಬ್ಬರಾದರೂ ಬೈದರೇ? ಊಹೂಂ.

“ಆತಂದು ಕೆಟ್ಟ ಬಾಯಿ. ಇಳೀತು ಇಳೀತು ಅಂದು ಬಾವಿ ಬತ್ತಿಸಿದ” ಎಂದು ಚಿಕ್ಕಪ್ಪನಿಗೇ ಶಾಪ. ಊರವರಿಗೆ ಲೆಕ್ಕ ಹೇಳಿದ ತಪ್ಪಿಗೆ ಮೇಲಿನವರೂ ಅವನನ್ನು ದೂರಕ್ಕೆ ಎತ್ತಿ ಹಾಕಿದರು. ಅಲ್ಲಿಯೂ ಅಳೆದ, ಆದರೆ ತುಟಿಪಿಟಕ್ಕೆನ್ನಲಿಲ್ಲ. ಕೊನೆಯ ಸಲ ಕಂಡಾಗ, “ನಾ ಸುಮ್ಕಿದ್ದಿದ್ರ ಇನ್ನಷ್ಟು ದಿನ ಇರತಿತ್ತೇನವ್ವಾ ಆ ಬಾವಿ?” ಎಂದು ಕೇಳಿದ.

ಅವನು ತೀರಿಕೊಂಡ ಸುದ್ದಿ ಹೊಳಗುಂದಕ್ಕೆ ಬಂದಾಗ ನಾನು ಅಳುತ್ತ ಕೂತಿದ್ದೆ. “ಒಳ್ಳೆ ಮನುಷ್ಯ, ನಾಲಿಗೀನ ಕೆಟ್ಟದಿತ್ತು” ಅಂದರು ಮಾವನವರು. ಸಾವಿನ ಸುದ್ದಿ ಕೇಳಿದ ಮೇಲೆ ಮೀಯಬೇಕಲ್ಲ? ಹೊಲಕ್ಕೆ ಹೋಗಿ, ಬೋರಿನ ಮೋಟಾರು ಹಾಕಿಸಿ, ಪೈಪಿನಡಿ ಕೂತು ತಣ್ಣಗೆ ತಲೆಯ ಮೇಲೆ ನೀರು ಬಿಟ್ಟುಕೊಂಡು ಬಂದರು.