ಬಳೆ ಸರಿಸಿದ ಸದ್ದು

ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು ಒಳಗೆ ಬಂದೆ. ಡಿಸೆಂಬರ್ ಚಳಿಗೆ ದೋಸೆ ಹಿಟ್ಟು ಉಬ್ಬಿರಲಿಲ್ಲ. ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಕೂರಿಸಿದೆ. ಹಾಲು ಒಲೆಯ ಮೇಲಿತ್ತು, ಯಜಮಾನರು ಬಚ್ಚಲಿನಲ್ಲಿದ್ದರು. ಅವರು ಟವೆಲ್ಲಿಗೆ ಕೂಗುವ ತನಕದ ಹೊತ್ತು ದಿನವೂ ನನ್ನದೇ. ಫೋನನ್ನು ಉಪ್ಪಿನ ಭರಣಿಗೆ ಒರಗಿಸಿ ಆ ಆಲ್ಬಂ ಅನ್ನು ಇನ್ನೊಮ್ಮೆ ಹಚ್ಚಿದೆ.

ಇನ್ನೊಮ್ಮೆ ಕೇಳುವ ಅಗತ್ಯವಿರಲಿಲ್ಲ. ನನ್ನ ತೀರ್ಪು ಆಗಲೇ ಗಟ್ಟಿಯಾಗಿತ್ತು. ಆದರೂ ಮಧ್ಯಾಹ್ನ ಗೆಳತಿಯ ಮುಖ ನೋಡಿ ಹೇಳಬೇಕಾದದ್ದು. ಕಾರಣಗಳನ್ನು ಒರೆಗೆ ಹಚ್ಚಿ ಇಟ್ಟುಕೊಳ್ಳೋಣ ಎಂದುಕೊಂಡೆ. ಎರಡನೆಯ ಹಾಡಿನ ಕೊನೆಗೆ ಗರಕ್ ಎಂದು ಗಾಜಿನ ಬಳೆ ಉಜ್ಜಿದ ಸದ್ದು. ರೆಕಾರ್ಡಿಂಗ್ ಮಾಡಿದವನಿಗೆ ಅಷ್ಟೂ ಗಮನ ಬೇಡವೇ? ಅದನ್ನೂ ತಪ್ಪುಗಳ ಲೆಕ್ಕಕ್ಕೆ ಸೇರಿಸಿದೆ.

ವರ್ಷದ ಕೊನೆಯ ಭಾನುವಾರ ನಾವು ನಾಲ್ವರು ಸೇರುವುದು ಪದ್ಧತಿ. ಕಾನ್ವೆಂಟಿನಲ್ಲಿ ಒಂದೇ ಬೆಂಚಿನವರು. ಒಬ್ಬಳು ಮದುವೆಯಾಗಿ ಚನ್ನಗಿರಿಗೆ ಹೋದಳು, ಒಬ್ಬಳು ನ್ಯಾಮತಿಗೆ. ಮತ್ತೊಬ್ಬಳು ಜಗಳೂರಿನಲ್ಲಿ ಬಟ್ಟೆ ಅಂಗಡಿ ಇರುವ ಸಾಹೇಬರ ಮನೆ ಸೇರಿದಳು. ನಾನು ಹೊನ್ನಾಳಿಗೆ ಬಂದೆ. ಅಂದಿನಿಂದ ಒಬ್ಬರನ್ನೊಬ್ಬರು ಊರಿನ ಹೆಸರು ಹಿಡಿದೇ ಕರೆಯುತ್ತೇವೆ. ಸೇರಿ ಮಾಡುವ ಕೆಲಸ ಒಂದೇ: ಆ ವರ್ಷದ ಆಲ್ಬಂಗಳಲ್ಲಿ ಮನಸ್ಸಿಗೆ ಹತ್ತಿದ್ದು ಯಾವುದು, ಅತಿ ಹೆಚ್ಚು ನಿರಾಸೆ ಮಾಡಿದ್ದು ಯಾವುದು ಎಂದು ಕಾದಾಡುವುದು. ಸಿನಿಮಾ, ಭಾವಗೀತೆ, ಜನಪದ, ಖವಾಲಿ, ಯಾವುದಕ್ಕೂ ರಿಯಾಯಿತಿಯಿಲ್ಲ.

ನಿಯಮಗಳನ್ನು ಕೊಟ್ಟವರು ನಮಗೆ ಹಾಡು ಕಲಿಸಿದ ಸಿಸ್ಟರ್. ಶನಿವಾರ ಅವರು ಕ್ಯಾಸೆಟ್ ಹಾಕಿದರೆ ಮೊದಲಿನಿಂದ ಕೊನೆಯ ತನಕ ಕೂತು ಕೇಳಬೇಕಿತ್ತು. ಮುಂದಕ್ಕೆ ಓಡಿಸುವಂತಿರಲಿಲ್ಲ, ನೀರು ಕುಡಿಯಲು ಏಳುವಂತೆಯೂ ಇರಲಿಲ್ಲ. ಯಾವ ಹಾಡಿನ ತಪ್ಪು ಹೇಳುತ್ತೇವೋ ಅದನ್ನು ಮೊದಲು ಗುನುಗಿ ತೋರಿಸಬೇಕು ಎಂಬುದು ಇನ್ನೊಂದು. ಕ್ಯಾಸೆಟ್ಟುಗಳು ಹೋಗಿ ಫೋನು ಬಂದರೂ ನಾವು ಇದರಲ್ಲಿ ಒಂದು ಕೂದಲೆಳೆಯನ್ನೂ ಸಡಿಲಿಸಿಲ್ಲ. ಅದಕ್ಕೇ ನನಗೆ ನನ್ನ ಕಿವಿಯ ಮೇಲೆ ಭರವಸೆ. ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಎಷ್ಟನೆಯ ಸಲ ಎಂದು ನಮ್ಮ ಅಡುಗೆಮನೆಯಿಂದಲೇ ಹೇಳಬಲ್ಲೆ.

ಈ ವರ್ಷದ ತೊಡಕೆಂದರೆ ನ್ಯಾಮತಿಯ ಮಗಳ ಆಲ್ಬಂ. ಹುಡುಗಿ ಸೂಳೆಕೆರೆಯ ಸುತ್ತಲಿನ ಹಳ್ಳಿಗಳಿಗೆ ಹೋಗಿ ಹೆಂಗಸರ ಹಾಡು ಕೇಳಿಸಿಕೊಂಡು, ತಾನೇ ಹೊಂದಿಸಿ, ದಾವಣಗೆರೆಯಲ್ಲಿ ರೆಕಾರ್ಡ್ ಮಾಡಿಸಿದ್ದಳು. ಆರು ಹಾಡು. ಅಮ್ಮನೇ ನಮ್ಮೆಲ್ಲರ ಫೋನಿಗೆ ಕಳಿಸಿ, ಮರುದಿನ ನನ್ನೊಂದಿಗೆ ಮಾತಾಡಿದ್ದಳು.

"ಬ್ಯಾರೆಯವರು ಚಂದ ಐತೆ ಅಂತಾರೆ, ಅದು ಬಾಯಿ ಮಾತು. ನೀವು ಮೂವರು ಹೇಳಿದ್ದೇ ನಂಗೆ ಖರೇ. ಈ ವರ್ಷದ ನಿರಾಸೆ ಇದೇ ಅಂದ್ರಿ ಅಂದ್ರೆ, ಸಾಕು ಮಾಡು ಅಂತ ಮಗಳಿಗೆ ಹೇಳಿಬಿಡ್ತೀನಿ. ಅವಳು ಆಗ್ಲೇ ಎರಡನೇದು ಮಾಡಾಕೆ ಕುಂತಾಳೆ."

"ಅಷ್ಟು ದೊಡ್ಡ ಭಾರ ನಮ್ಮ ತಲೆ ಮ್ಯಾಲೆ ಯಾಕೆ ಇಡ್ತೀಯೇ?" ಎಂದಿದ್ದೆ.

"ನಿಮ್ಮ ಬಿಟ್ರೆ ಸುಳ್ಳು ಹೇಳದೋರು ನಂಗೆ ಯಾರದಾರೆ?"

ಹನ್ನೊಂದರ ಹೊತ್ತಿಗೆ ಮೂವರೂ ಬಂದರು. ಬಸ್ಸಿನ ಧೂಳು ಒರೆಸಿಕೊಳ್ಳುತ್ತಲೇ ಚನ್ನಗಿರಿ ಮಂಡಕ್ಕಿಗೆ ಕೈ ಹಾಕಿದಳು. ಬೇಕರಿಯ ಖಾರದ ಬಿಸ್ಕತ್ತು ತಂದವಳು ಜಗಳೂರು. ನ್ಯಾಮತಿ ಮಾತ್ರ ಗೋಡೆಗೆ ಒರಗಿ, ಫೋನನ್ನು ಮಡಿಲಲ್ಲಿ ಕವುಚಿ ಹಾಕಿ ಕೂತಳು. ಅವಳ ಸೀರೆಯ ಪಿನ್ನು ಸೆರಗಿನ ಅಂಚು ಬಿಟ್ಟು ಬೇರೆಲ್ಲೋ ಚುಚ್ಚಿಕೊಂಡಿತ್ತು.

ಮೊದಲು ಮೆಚ್ಚಿದ್ದರ ಸರದಿ. ಚನ್ನಗಿರಿ ಒಂದು ಸಿನಿಮಾದ ಹಾಡುಗಳನ್ನು ಎತ್ತಿಹಿಡಿದಳು.

"ಅದ್ರಾಗೆ ಡ್ರಮ್ಮು ಬಿಟ್ರೆ ಏನೈತೆ? ನಮ್ಮ ಮಿಕ್ಸಿನೇ ವಾಸಿ" ಎಂದಳು ಜಗಳೂರು.

"ನಿನ್ನ ಖವಾಲಿ ಇನ್ನೇನು ಮತ್ತೆ? ಒಂದೇ ಸಾಲು, ಅಡುಗೆ ಆಗಿ ಊಟ ಆಗಿ ಪಾತ್ರೆ ತೊಳೆದ್ರೂ ಅದೇ ಸಾಲು."

"ಕೊನೇ ಸಲ ಬರೋವಾಗ ಆ ಸಾಲು ಬ್ಯಾರೆನೇ ಆಗಿರ್ತೈತೆ ಕಣೇ. ನಿಂಗೆ ಕಿವಿ ಎಲ್ಲೈತೆ, ಓಲೆ ಹಾಕ್ಕೊಳ್ಳಾಕೆ ಅಷ್ಟೇ ಇರೋದು."

ನಾನು ನಕ್ಕೆ, ನ್ಯಾಮತಿ ನಗಲಿಲ್ಲ. ಆಮೇಲೆ ನಿರಾಸೆಯ ಸರದಿ ಬಂತು. ಚನ್ನಗಿರಿ ಚಟ್ನಿಯ ಬಟ್ಟಲು ನೋಡಿದಳು, ಜಗಳೂರು ಕಿಟಕಿ ನೋಡಿದಳು. ಇಬ್ಬರೂ ನನಗೇ ಬಿಟ್ಟಿದ್ದಾರೆಂದು ತಿಳಿಯಿತು. ನಾನು ಹಿಂಜರಿಯಲಿಲ್ಲ. ಮೆತ್ತಗೆ ಹೇಳುವುದು ನನ್ನ ಸ್ವಭಾವ, ಆದರೆ ಹೇಳದೆ ಬಿಡುವುದಲ್ಲ.

"ನಿನ್ನ ಮಗಳ ಗಂಟಲು ಚಂದ ಐತೆ, ಅದ್ರಾಗೆ ಎರಡು ಮಾತಿಲ್ಲ. ಆದ್ರೆ ಆಲ್ಬಂ ನಿಲ್ಲಲ್ಲ ಕಣೇ. ಜೋಗುಳದಿಂದ ಯಾರಾದ್ರೂ ಶುರು ಮಾಡ್ತಾರೇನು? ಕೇಳೋರು ಮೊದ್ಲೇ ತೂಕಡಿಸ್ತಾರೆ. ಕೊನೇಗೆ ಅಂಗಳ ಗುಡಿಸೋ ಹಾಡು. ಮುಗೀತು ಅಂತಲೇ ಅನ್ಸಲ್ಲ. ನಡುನಡುವೆ ಬಳೆ ಸದ್ದು ಬ್ಯಾರೆ."

"ಗುನುಗು ಮೊದ್ಲು" ಎಂದಳು ನ್ಯಾಮತಿ. ಧ್ವನಿ ಗಡುಸಾಗಿತ್ತು. ನಿಯಮ ನಿಯಮವೇ.

ಜೋಗುಳವನ್ನೇ ಆರಿಸಿಕೊಂಡೆ. ಕಾಲು ಚಾಚಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತ ಶುರು ಮಾಡಿದೆ. ಒಂದು ಸಾಲು ಮುಗಿಯುವ ಮೊದಲೇ ಜಗಳೂರು ತಡೆದಳು.

"ಬಳೆ ಯಾಕೇ ಏರಿಸಿದಿ? ನ್ಯಾಮತಿ ಜೊತೆ ಕುಸ್ತಿಗೆ ಇಳೀತೀಯೇನು?"

ಕಣ್ಣು ಬಿಟ್ಟೆ. ನನ್ನ ಎಡಗೈ ನನಗೆ ಹೇಳದೆ ಕೇಳದೆ ಬಲಗೈಯ ಬಳೆಗಳನ್ನೆಲ್ಲ ಮೊಣಕೈಯತ್ತ ಸರಿಸಿತ್ತು. ಮಗು ತಟ್ಟುವಾಗ ಯಾವ ತಾಯಿಯಾದರೂ ಮಾಡುವುದೇ ಅದು. ಬಳೆ ಸದ್ದಿಗೆ ನಿದ್ದೆ ಕೆಡಬಾರದಲ್ಲ. ನನ್ನ ಮಕ್ಕಳು ದೊಡ್ಡವರಾಗಿ ಎಷ್ಟೋ ವರ್ಷವಾಯಿತು, ಕೈ ಮರೆತಿರಲಿಲ್ಲ. ಬಳೆಗಳನ್ನು ಕೆಳಗಿಳಿಸಿ ಮತ್ತೆ ಮೇಲಕ್ಕೆ ಸರಿಸಿದೆ. ಗರಕ್. ಬೆಳಿಗ್ಗೆ ಕೇಳಿದ್ದು ಇದೇ.

"ದೀಪ ಹಚ್ಚೋ ಹಾಡಿನ ಕೊನೇಗೆ ಈ ಸದ್ದು ಐತೆ" ಎಂದೆ. "ಜೋಗುಳದಾಗೆ ಬಳೆ ಸದ್ದೇ ಇಲ್ಲ. ಉಳಿದಿದ್ರಾಗೆಲ್ಲ ಐತೆ. ದೀಪ ಹಚ್ಚಿ, ಬಳೆ ಸರಿಸಿ, ಮಗು ಮಲಗಿಸಾಕೆ ಕೂತಳು ಅಲ್ವೇನೇ? ಹಂಗಾದ್ರೆ ಜೋಗುಳ ಮೊದಲು ಹೆಂಗೆ ಬರ್ತೈತೆ?"

ಚನ್ನಗಿರಿ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದಳು.

"ನೀನು ನಮಗೆ ಹೆಂಗೆ ಕಳಿಸಿದೆ?" ಎಂದು ನ್ಯಾಮತಿಯನ್ನು ಕೇಳಿದೆ.

"ಹೆಂಗೆ ಅಂದ್ರೆ? ಅವಳು ನನ್ನ ಫೋನಿಗೆ ಸಾಲಾಗಿ ಹಾಕಿದ್ಳು. ಕೊನೇಗೆ ಹಾಕಿದ್ದು ಎಲ್ಲಕ್ಕಿಂತ ಮ್ಯಾಲೆ ಕಾಣ್ತಿತ್ತು. ಮ್ಯಾಲಿಂದ ಒಂದೊಂದೇ ಒತ್ತಿ..." ಎಂದವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಶಿವನೇ, ತಿರುಗುಮುರುಗು ಕಳಿಸೀನಿ!"

"ನೀನೂ ಕೇಳಲಿಲ್ವೇನೇ ಸರಿಯಾಗಿ?" ಎಂದು ಜಗಳೂರು ದಬಾಯಿಸಿದಳು.

"ಮನೆಯಾಗೆ ದಿನಾ ತುಂಡುತುಂಡು ಹಾಡ್ತಾಳಲ್ಲೇ, ಸಾಲಾಗಿ ಕೂತು ಯಾರು ಕೇಳಿದ್ರು?"

ಬೇರೆ ಯಾರಿಗೂ ಈ ಮೋಸವಾಗುತ್ತಿರಲಿಲ್ಲ. ಇಂದಿನವರು ಹಾಡು ಹಾರಿಸಿ, ಇಷ್ಟವಾದದ್ದನ್ನು ಹೆಕ್ಕಿ ಕೇಳುತ್ತಾರೆ. ಅವರಿಗೆ ಹಿಂದೆ ಮುಂದೆ ಎಲ್ಲ ಒಂದೇ. ನಾವೋ, ವ್ರತ ಹಿಡಿದವರ ಹಾಗೆ ಕೈ ಕಟ್ಟಿ ಕೂತು, ಒಬ್ಬ ಹೆಂಗಸಿನ ಇಡೀ ದಿನವನ್ನು ರಾತ್ರಿಯಿಂದ ಬೆಳಗಿನ ಕಡೆಗೆ ಶ್ರದ್ಧೆಯಿಂದ ಕೇಳಿದ್ದೆವು. ಒಂದಲ್ಲ, ಮೂರು ಮನೆಗಳಲ್ಲಿ.

ಯಜಮಾನರನ್ನು ತಟ್ಟೆಯ ಮುಂದೆಯೇ ಕಾಯಿಸಿ ಮತ್ತೆ ಹಚ್ಚಿದೆವು, ಈ ಸಲ ಅಂಗಳದಿಂದ. ದೊಡ್ಡ ಸ್ಪೀಕರ್ ತಂದು ಕಿಟಕಿಯ ಬಳಿ ಇಟ್ಟೆ. ಪೊರಕೆಯ ಜೊತೆ ಬಳೆಗಳು ಚುರುಕಾಗಿ ನಕ್ಕವು, ಬೀಸುವಾಗ ಸುತ್ತಿಗೊಮ್ಮೆ ತೂಗಿದವು, ಕಳೆ ಕೀಳುವಾಗ ಮಣ್ಣು ಮೆತ್ತಿದಂತೆ ಮಂಕಾದವು. ದೀಪದ ಹಾಡು ಮುಗಿದು ಗರಕ್ ಎಂದಾಗ ನಾಲ್ವರೂ ಉಸಿರು ಹಿಡಿದೆವು. ಆಮೇಲೆ ಬರೀ ಕೊರಳು. ಪಕ್ಕದ ಮನೆಯ ಕುಕ್ಕರ್ ಆಗ ಕೂಗಿತೋ ಇಲ್ಲವೋ, ನನಗೂ ತಿಳಿಯದು.

ಮುಗಿದಾಗ ನ್ಯಾಮತಿ ನನ್ನನ್ನೇ ನೋಡುತ್ತಿದ್ದಳು. ನಾನು ಹೊಗಳಿಕೆಗೆ ಜಾರಲಿಲ್ಲ.

"ಕಳೆ ಕೀಳೋ ಹಾಡು ಇನ್ನೂ ಸಪ್ಪೆನೇ. ಸಾಲು ಎಳೆದಾಳೆ, ಬೆನ್ನು ಬಗ್ಗಿಸಿದೋರು ಅಷ್ಟು ಎಳೆಯಲ್ಲ. ಆದ್ರೆ ಇದು ನಿರಾಸೆ ಅಲ್ಲ. ನನ್ನ ಲೆಕ್ಕದಾಗೆ ಈ ವರ್ಷ ಎರಡನೇದು."

"ಮೊದಲನೇದು ನನ್ನ ಸಿನಿಮಾದ್ದೇ" ಎಂದಳು ಚನ್ನಗಿರಿ ತಕ್ಷಣ.

"ಹೋಗೇ, ಖವಾಲಿ!"

ಜಗಳ ಮತ್ತೆ ಹತ್ತಿಕೊಂಡಿತು. ನ್ಯಾಮತಿ ಅಷ್ಟರಲ್ಲಿ ಹಿತ್ತಲಿಗೆ ಹೋಗಿ ಮಗಳಿಗೆ ಫೋನು ಹಚ್ಚಿದ್ದಳು. ಬಾಗಿಲ ಸಂದಿನಲ್ಲಿ ಕೇಳಿಸಿತು: "ಹೊನ್ನಾಳಿ ಆಂಟಿ ಕಳೆ ಹಾಡು ಸಪ್ಪೆ ಅಂದ್ರು. ಮುಂದಿನದ್ರಾಗೆ ಹಂಗೆ ಎಳೀಬ್ಯಾಡ, ಕೇಳಿಸ್ತೇನೇ?" ಸೆರಗಿನ ಪಿನ್ನನ್ನು ಈಗ ಬಿಚ್ಚಿ ಸರಿಯಾಗಿ ಹಾಕಿಕೊಳ್ಳುತ್ತಿದ್ದಳು.

ಸಂಜೆ ಮೂವರನ್ನೂ ಬಸ್ಸು ಹತ್ತಿಸಿ ಬಂದು, ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕಾಂಪೌಂಡಿನ ಆಚೆ ಪಕ್ಕದ ಮನೆಯಾಕೆ ಕುಕ್ಕರಿನ ತಳವನ್ನು ಗಸಗಸ ತಿಕ್ಕುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ಏನ್ರೀ, ನಿಮ್ಮನೆ ಜೋಗುಳ ಕೇಳ್ತಾ ಕೂತು ಸೀಟಿನೇ ಕೇಳ್ಲಿಲ್ಲ ನೋಡ್ರಿ, ಬ್ಯಾಳಿ ಎಲ್ಲಾ ಸೀದು ಹೋತು. ಆ ಹುಡುಗಿ ಇನ್ನೊಂದು ಸಲ ಹಾಡೋದು ಯಾವಾಗ ಅಂತ ಮೊದ್ಲೇ ಹೇಳ್ರಿ, ಒಲೆ ಆರಿಸಿ ಬರ್ತೀನಿ."