ಹೊಸ ಫ್ಲಾಶ್, ಹಳೇ ಕಂಪ್ಯೂಟರು

ನಂಜನಗೂಡಿನ ಕಂಪ್ಯೂಟರ್ ಸೆಂಟರಿನಲ್ಲಿ ಚಿತ್ರಗಳನ್ನು ಕುಣಿಸಿ ಆಟ ಕಟ್ಟುವ ಫ್ಲಾಶ್ ತಂತ್ರಾಂಶ ಕಲಿಸುತ್ತಿದ್ದ ಅರ್ಪಿತಳಿಗೆ ಹೊಸ ವರ್ಷನ್ ಬಂತೆಂದರೆ ಊರಿಗೆಲ್ಲ ಮೊದಲು ತಾನೇ ಹಾಕಿಕೊಳ್ಳುವ ಹುಚ್ಚು. ೨೦೦೬ರಲ್ಲಿ, ನರಸೀಪುರದ ಕಡೆ ತಾನು ಓದಿದ ಹಳ್ಳಿಶಾಲೆಯ ವಾರ್ಷಿಕೋತ್ಸವಕ್ಕೆಂದು ಮಗ್ಗಿ ಕಲಿಸುವ ಆಟವೊಂದನ್ನು ಆ ಹೊಸದರಲ್ಲೇ ಮಾಡಿ ಒಯ್ದಳು. ಶಾಲೆಯ ಕಂಪ್ಯೂಟರಿಗೆ ಹಾಕಿದರೆ ಪರದೆ ಬೆಳ್ಳಗೆ ನಿಂತುಬಿಟ್ಟಿತು.

"ಈ ಡಬ್ಬಾದಲ್ಲಿ ಏನ್ ಓಡುತ್ತೆ ಸಾರ್?" ಎಂದು ಮೈಕಿನಲ್ಲೇ ರೇಗಿದಳು.

ಅವಳಿಗೆ ಅಕ್ಷರ ತಿದ್ದಿಸಿದ್ದ ಸಿದ್ದರಾಜು ಮೇಷ್ಟ್ರು ಎದ್ದು ಊರವರಿಗೆ ಕೈಮುಗಿದರು. "ತಪ್ಪು ನಮ್ದೇ ಕಣ್ರಪ್ಪ. ಮಗ ಕಷ್ಟಪಟ್ಟು ಮಾಡ್ಕಂಡ್ ಬಂದವ್ಳೆ, ನಮ್ ಮಿಷಿನ್ನೇ ಸರಿಯಿಲ್ಲ."

ಸೆಂಟರಿಗೆ ಮರಳಿ ನೋಡಿದರೆ, ಆಟವನ್ನು ಹಳೆಯ ವರ್ಷನ್ನಿನಲ್ಲೂ ಓಡುವಂತೆ ಸೇವ್ ಮಾಡುವ ಆಯ್ಕೆ ಕಣ್ಣೆದುರೇ ಇತ್ತು. ಅವಳದನ್ನು ಒತ್ತಿಯೇ ಇರಲಿಲ್ಲ. ಮುಖ ಕಾದ ಹೆಂಚಾಯಿತು.

ಮರುದಿನ ಹೊಸ ಸೀಡಿ ಹಿಡಿದು ಹೋದಳು. ಆಟ ಓಡಿತು.

"ರಿಪೇರಿ ಮಾಡ್ಬುಟ್ಯಾ ಮಗ!" ಎಂದರು ಮೇಷ್ಟ್ರು.

"ಅದು ಕೆಟ್ಟೇ ಇರಲಿಲ್ಲ ಸಾರ್. ತಪ್ಪು ನಂದು."

"ಬುಡವ್ವ, ಯಾರ್ದಾದ್ರೇನು, ಓಡ್ತಲ್ಲ" ಎಂದು ಅವರು ಮಕ್ಕಳನ್ನು ಕೂಗಿದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಬಸ್‌ಸ್ಟಾಪಿನಲ್ಲಿ ವಾರ್ಷಿಕೋತ್ಸವಕ್ಕೆ ಬಂದಿದ್ದ ಊರಿನ ಸಣ್ಣತಾಯಮ್ಮ ಸಿಕ್ಕಿ, "ಇಸ್ಕೂಲ್ ಕಂಪ್ಯೂಟ್ರು ನಿನ್ನ ಮಾನ ಕಳೀತಲ್ಲವ್ವ" ಎಂದು ಮರುಗಿದಳು. ಅಷ್ಟರಲ್ಲಿ ಬಸ್ಸು ಬಂತು. ಅರ್ಪಿತ ಹತ್ತಲಿಲ್ಲ.

"ಇಲ್ಲ ಕಣಕ್ಕ," ಎಂದು ಸುತ್ತ ನಿಂತವರಿಗೂ ಕೇಳುವಂತೆ ಹೇಳತೊಡಗಿದಳು, "ಕಂಪ್ಯೂಟ್ರು ಸರಿಯಾಗೇ ಇತ್ತು. ಮಾನ ಕಳೆದಿದ್ದು ನಾನು, ಅದೂ ಮೇಷ್ಟ್ರದ್ದು."