ಅಕ್ಕ ರಿಪೇರಿ ಮಾಡಿದ ಹುಲ್ಲಿನ ಮಿಷನ್ನು

ಚಾಮರಾಜನಗರದ ನಮ್ಮ ಮನೆಯೆದುರಿನ ಪಾರ್ಕಿನಲ್ಲಿ ಇವತ್ತು ಬೆಳಿಗ್ಗೆ ಹುಲ್ಲು ಕತ್ತರಿಸುತ್ತಿದ್ದರು. ಹಸಿ ಹುಲ್ಲಿನ ವಾಸನೆಯ ಜೊತೆ ಪೆಟ್ರೋಲಿನ ವಾಸನೆಯೂ ಕಿಟಕಿಯಿಂದ ಒಳಗೆ ಬಂತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯನ್ನು ಇನ್ನಷ್ಟು ತೆರೆದೆ. ಈ ಎರಡು ವಾಸನೆ ಒಟ್ಟಿಗೆ ಬಂದರೆ ನನಗೆ ಅಕ್ಕನ ನೆನಪು. ಅಕ್ಕನ ನೆನಪಿಗೆ ಮಲ್ಲಿಗೆಯದೋ ಒಗ್ಗರಣೆಯದೋ ವಾಸನೆ ಇರಬೇಕಿತ್ತು ಎನ್ನುತ್ತೀರೇನೋ. ಏನು ಮಾಡಲಿ, ನಮ್ಮಕ್ಕನ ವಿಷಯ ಹಾಗಿದೆ.

ಐವತ್ತರ ದಶಕದ ಮಾತು. ನಾನು ಹಂಗಳದ ಶಾಲೆಗೆ ಹೊಸ ಮೇಷ್ಟ್ರು. ಊಟ, ವಾಸ ಎಲ್ಲ ಗುಂಡ್ಲುಪೇಟೆಯ ಅಕ್ಕನ ಮನೆಯಲ್ಲಿ. ಭಾವ ಅಲ್ಲಿನ ಸರ್ಕಾರಿ ಬಂಗಲೆಯಲ್ಲಿ ಮಾಲಿ, ಇನ್ನೂ ಖಾಯಂ ಆಗಿರಲಿಲ್ಲ. ಅಕ್ಕ ಹುಚ್ಚೆಳ್ಳೆಣ್ಣೆಯನ್ನು ಡಬ್ಬಗಟ್ಟಲೆ ತರಿಸಿ ಬೀದಿಯವರಿಗೆ ಅಳೆದು ಮಾರುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಊಟಿಗೆ ಹೋಗುವ ದೊಡ್ಡವರು ತಂಗುವ ಜಾಗವೆಂದು ಬಂಗಲೆಗೆ ಎಲ್ಲಿಂದಲೋ ಒಂದು ಹಳೆಯ ಹುಲ್ಲು ಕತ್ತರಿಸುವ ಮಿಷನ್ನು ಬಂತು. ಅದುವರೆಗೆ ಕುಡುಗೋಲು ಹಿಡಿದಿದ್ದ ಭಾವ ಅದರ ಹಿಂದೆ ನಿಂತು ತಳ್ಳತೊಡಗಿದ ಮೇಲೆ ಅವರ ನಡಿಗೆಯೇ ಬದಲಾಯಿತು.

ಮೂರು ವಾರ ಚೆನ್ನಾಗಿ ಓಡಿದ ಮಿಷನ್ನು ಇದ್ದಕ್ಕಿದ್ದಂತೆ ಹಟ ಹಿಡಿಯಿತು. ಹಗ್ಗ ಸುತ್ತಿ ಎಳೆದರೆ ಹೊತ್ತಿಕೊಳ್ಳುತ್ತಿತ್ತು, ಐದು ನಿಮಿಷಕ್ಕೆ ಕೆಮ್ಮಿ ನಿಲ್ಲುತ್ತಿತ್ತು. ನೋಡಲು ಬಂದ ಓವರ್ಸಿಯರ್ ಎದುರೇ ಎರಡು ಸಲ ನಿಂತಿತು. "ಶನಿವಾರ ಬರ್ತೀನಿ. ಅಷ್ಟರಲ್ಲಿ ಓಡದಿದ್ರೆ ಮಿಷನ್ ಮೈಸೂರಿಗೆ, ನೀನು ಮನೆಗೆ" ಎಂದು ಹೇಳಿ ಅವರು ಹೋದರು. ಭಾವ ಅದನ್ನು ಎತ್ತಿನ ಗಾಡಿಯಲ್ಲಿ ತಂದು ನಮ್ಮ ಜಗಲಿಯ ಮೇಲೆ ಇಳಿಸಿದರು. ಅವತ್ತು ತಟ್ಟೆಯ ಮುಂದೆ ಕೂತವರು ಮುದ್ದೆ ಮುರಿಯದೆ ಎದ್ದರು.

ಇಂಥ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬ ಓದಿದವನಿದ್ದರೆ ಎಷ್ಟು ಕಷ್ಟ ನೋಡಿ. ಮಿಷನ್ನಿನ ಜೊತೆ ಇಂಗ್ಲಿಷಿನ ನಾಲ್ಕು ಹಾಳೆ ಬಂದಿದ್ದವು. ನಾನು ಪಂಚೆ ಎತ್ತಿ ಕಟ್ಟಿ, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಭಾವನಿಗೆ ಅರ್ಥ ಹೇಳಿ, ಪ್ಲಗ್ ಬಿಚ್ಚಿಸಿದೆ, ಉಜ್ಜಿಸಿದೆ, ಹಾಕಿಸಿದೆ. ಪೆಟ್ರೋಲಿನ ಕೊಳವೆ ಬಿಚ್ಚಿ ಊದಿದೆ. ಮಿಷನ್ನು ಐದು ನಿಮಿಷ ಓಡಿ ನಿಂತಿತು. ಪೆಟ್ರೋಲ್ ಇದೆಯೇ ಎಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತಿದ್ದೆ, ಮತ್ತೆ ಎಳೆಯುತ್ತಿದ್ದೆವು, ಮತ್ತೆ ಐದು ನಿಮಿಷ. ಮೂರು ದಿನ ಇದೇ ಆಯಿತು. ಭಾವನ ತೋಳು ಬಾತುಕೊಂಡಿತು.

ಗುರುವಾರ ಸಂಜೆ ಅಕ್ಕ ಎಣ್ಣೆಯ ಅಳತೆ ಬಿಟ್ಟು ಬಂದು ನಿಂತಳು.

"ಅಲ್ಲ ಕಣ್ಲಾ, ನೀ ಮುಚ್ಳ ತಗ್ದು ನೋಡ್ದಾಗೆಲ್ಲ ಓಡ್ತದೆ. ಮುಚ್ಬುಟ್ಟ ಮ್ಯಾಲೆ ವಸಿ ಒತ್ತಿಗೆ ನಿಂತೋಯ್ತದೆ. ಉಸ್ರು ಕಟ್ತದೆ ಅದ್ಕೆ."

"ಇದು ಇಂಜಿನ್ನು ಕಣಕ್ಕ, ನಿನ್ನ ಎಣ್ಣೆ ಡಬ್ಬ ಅಲ್ಲ" ಎಂದು ನಾನು ನಕ್ಕೆ.

"ಡಬ್ಬಕ್ಕೆ ಒಂದೇ ತೂತು ಒಡುದ್ರೆ ಎಣ್ಣೆ ಸುರೀತದಾ? ಗಾಳಿ ಓಗಕ್ಕೆ ಇನ್ನೊಂದು ಬ್ಯಾಡ್ವಾ?"

ಅವಳು ಮುಚ್ಚಳವನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ನಡುವೆ ಸಾಸಿವೆಯಷ್ಟು ಚಿಕ್ಕ ತೂತು, ಮುಚ್ಚಿಹೋಗಿತ್ತು. ತಲೆಯ ಪಿನ್ನು ತೆಗೆದು ಚುಚ್ಚಿದಳು. ಹಳದಿ ಚೂರೊಂದು ಅಂಗೈಗೆ ಬಿತ್ತು. ನಾನು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದೆ. ಏಕೆಂದರೆ ಅದು ಜೇನುಮೇಣ. ಹಿಂದಿನ ವಾರ ಬಂಗಲೆಗೆ ಹೋಗಿದ್ದಾಗ, ಮಿಷನ್ನು ಕುಲುಕಿದರೆ ಆ ತೂತಿನಿಂದ ಪೆಟ್ರೋಲು ತುಳುಕುವುದನ್ನು ಕಂಡು, ಸೋರುತ್ತಿದೆ ಪಾಪ ಎಂದು, ಹಂಗಳದಿಂದ ತಂದಿದ್ದ ಮೇಣವನ್ನು ಯಾರಿಗೂ ಹೇಳದೆ ಮೆತ್ತಿದ ಪುಣ್ಯಾತ್ಮ ನಾನೇ.

ಅಕ್ಕ ಮೇಣವನ್ನು ನೋಡಿದಳು, ನನ್ನನ್ನು ನೋಡಿದಳು, ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಕಸ ಕೂತಿತ್ತು ಕಣ್ರೀ" ಎಂದು ಭಾವನಿಗೆ ಹೇಳಿದಳು. ಮಿಷನ್ನು ಅರ್ಧ ಗಂಟೆ ನಿಲ್ಲದೆ ಓಡಿತು.

ಶನಿವಾರ ಬಂಗಲೆಯ ಮುಂದಿನ ಹುಲ್ಲೆಲ್ಲ ಒಂದೇ ಏಟಿಗೆ ಮುಗಿಯಿತು. ಓವರ್ಸಿಯರಿಗೆ ಖುಷಿಯಾಗಿ, ಏನಾಗಿತ್ತು ಎಂದು ಕೇಳಿದರು. ನೋಡಲು ಬಂದಿದ್ದ ಅಕ್ಕ ತಾನೇ ಮುಂದಾಗಿ, "ಮುಚ್ಳದ ತೂತ್ನಲ್ಲಿ ಕಸ ಕೂತಿತ್ತು ಸ್ವಾಮಿ" ಎಂದಳು. ಅವರ ಮುಖ ಬಿಗಿಯಿತು. "ಕಸ ಕೂರೋವರ್ಗೂ ಏನಯ್ಯ ಮಾಡ್ತಿದ್ದೆ? ಮಿಷನ್ ಒರೆಸಿಡೋದೂ ಬರಲ್ವಾ ನಿಂಗೆ?" ಎಂದು ಭಾವನ ಕಡೆ ತಿರುಗಿ, ತಪ್ಪು ಬರೆದುಕೊಳ್ಳಲು ಜೇಬಿನಿಂದ ಪುಸ್ತಕ ತೆಗೆದರು. ಭಾವ ತಲೆ ತಗ್ಗಿಸಿದರು. ನನ್ನನ್ನು ಕಾಯಲು ಆಡಿದ ಮಾತು ಗಂಡನ ಕುತ್ತಿಗೆಗೆ ಬಂದದ್ದು ಅಕ್ಕನಿಗೆ ತಿಳಿಯಿತು. ಆದರೂ ಅವಳು ನನ್ನ ಕಡೆ ನೋಡಲಿಲ್ಲ.

"ಕಸ ಅಲ್ಲ ಸಾರ್, ಜೇನುಮೇಣ. ಮೆತ್ತಿದ್ದು ನಾನು" ಎಂದೆ.

"ನೀವು ಮೇಷ್ಟ್ರಲ್ವಾ?"

"ಹೌದು ಸಾರ್."

"ಮತ್ತೆ ಕಂಡುಹಿಡಿದಿದ್ದು?"

"ನಮ್ಮಕ್ಕ."

ಅವರು ನಂಬಲಿಲ್ಲ. ಹಾಗಾದರೆ ಆಕೆಯೇ ಓಡಿಸಲಿ ಎಂದರು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಸುತ್ತಿ ಎಳೆದಳು. ಎರಡನೆಯ ಎಳೆತಕ್ಕೆ ಹೊತ್ತಿಕೊಂಡಿತು. ಓವರ್ಸಿಯರ್ ಪುಸ್ತಕವನ್ನು ಜೇಬಿಗೆ ಹಾಕಿಕೊಂಡು, "ಮಿಷನ್ ನಿನ್ ಹತ್ರಾನೇ ಇರ್ಲಿ ಬಿಡಯ್ಯ" ಎಂದು ಭಾವನಿಗೆ ಹೇಳಿದರು.

ಮನೆಗೆ ಬಂದ ಮೇಲೆ ಅಕ್ಕ ನನ್ನನ್ನು ಬೈದಳು. "ನಾ ಮುಚ್ಚಿಟ್ಟುದ್ನ ನೀ ಯಾಕ್ಲಾ ಬಿಚ್ಚಕೋದೆ?" ಬೈಯುತ್ತಲೇ ಮುದ್ದೆಗೆ ಎರಡು ಸೌಟು ಹೆಚ್ಚು ಸಾರು ಬಿಟ್ಟಳು. ಭಾವ ಮಾತ್ರ ಬೀದಿಯ ಈ ತುದಿಯಿಂದ ಆ ತುದಿಯವರೆಗೆ, "ನಮ್ಮನೇವ್ಳು ಇಂಜಿನ್ ರಿಪೇರಿ ಮಾಡ್ಬುಟ್ಲು ಕಣ್ರಲಾ" ಎಂದು ಸಾರಿ ಬಂದರು. ಗಂಡಸರು ಹೆಂಡತಿಯ ಸುದ್ದಿಯನ್ನೇ ಎತ್ತದಿದ್ದ ಕಾಲ ಅದು. ಮೇಣದ ಸುದ್ದಿ ಬಸ್ಸು ಹತ್ತಿ ಹಂಗಳಕ್ಕೂ ಹೋಯಿತು. ನಾನು ವರ್ಗವಾಗುವವರೆಗೆ ಅಲ್ಲಿ ಮೇಣದ ಮೇಷ್ಟ್ರೇ ಆಗಿದ್ದೆ.

ಅಕ್ಕ ಈಗಿಲ್ಲ. ಅವಳ ಜಾಣತನದ ಕಥೆಯೆಂದು ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ. ಇವತ್ತು ಬರೆದು ಓದಿಕೊಂಡರೆ, ಓವರ್ಸಿಯರ್ ಎದುರು ನಾನಾಡಿದ ಮಾತಿನ ಬಳಿ ಬಂದಾಗ ಅಕ್ಷರಗಳು ಸ್ವಲ್ಪ ದಪ್ಪಗಾಗಿವೆ. ಅಕ್ಕನ ಹೆಸರಿನಲ್ಲಿ ಇಷ್ಟು ವರ್ಷ ನನ್ನ ಹೆಮ್ಮೆಯನ್ನೂ ಹೇಳಿಕೊಂಡು ತಿರುಗಿದ್ದೇನೆ, ಕ್ಷಮಿಸಿ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ಅದರಲ್ಲಿ ಎಷ್ಟು ಸರಿಯಿತ್ತೋ ಗೊತ್ತಿಲ್ಲ. ಆ ಒಂದು ಮಾತು ಸರಿಯಾಗಿತ್ತು.